ಅಸುಂತಾಳ ತೀರ್ಥ

"ದಿಂಬಿನಡಿ ಏನಿಟ್ರಿ? ಕೊಡಿ ಇಲ್ಲಿ."

ಮುದುಕಿ ಅಸುಂತಾ ಗಂಡನ ತುಟಿಗೆ ಒತ್ತುತ್ತಿದ್ದ ಒದ್ದೆ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಡಾಕ್ಟರ್ ಸೊಲಾಂಜ್ ಬಿಡಲಿಲ್ಲ. ಸೀಸೆ ಹೊರಬಂತು. ಮೇರಿಮಾತೆಯ ಆಕಾರದ್ದು, ನೀಲಿ ಕಿರೀಟವೇ ಮುಚ್ಚಳ.

"ಲೂರ್ದ್ ಕ್ಷೇತ್ರದ ತೀರ್ಥ, ಡಾಕ್ಟ್ರಮ್ಮ. ನಿಮ್ಮ ಔಷಧಿ ಕಡಿದು ಗುಡ್ಡೆ ಹಾಕಿದ್ದು ಕಾಣ್ತಾನೇ ಇದೆಯಲ್ಲ!"

"ಬೇರೆ ರೋಗಿಗಳಿಗೂ ಕೊಟ್ರಾ?"

"ಕೇಳಿದೋರಿಗೆಲ್ಲ ಕೊಟ್ಟೆ. ದೇವರ ನೀರಿಗೂ ಜಿಪುಣತನವೇ?"

ಸೊಲಾಂಜ್‌ಗೆ ಜಗಳವಾಡುವ ತ್ರಾಣವೂ ಉಳಿದಿರಲಿಲ್ಲ. ಮಾರ್ಸೇ ನಗರದ ಆ ಬೇಸಿಗೆ ವಾರ್ಡನ್ನೇ ಬೇಯಿಸುತ್ತಿತ್ತು. ಬೆವರುವ ರೋಗಿಯನ್ನು ಕಂಡರೆ ಅವಳಿಗೆ ಹಾಗೇ ದಾಟಿ ಹೋಗಲಾಗುತ್ತಿರಲಿಲ್ಲ. ನಿಂತು, ಜೇಬಿನ ತುಂತುರು ಸೀಸೆಯಿಂದ ಮುಖ ತಂಪು ಮಾಡಿಯೇ ಮುಂದೆ ಹೋಗುತ್ತಿದ್ದಳು. ಆದರೂ ಕಾಲು ಮುರಿದು ಬಂದವರು, ಹೊಟ್ಟೆ ಕೊಯ್ಸಿಕೊಂಡವರು ನ್ಯುಮೋನಿಯಾ ಹಿಡಿದು ಮಲಗುತ್ತಿದ್ದರು. ಇಬ್ಬರು ಸತ್ತಿದ್ದರು. ಮಂಡಿಯ ಆಪರೇಷನ್‌ಗೆಂದು ಬಂದ ಅಸುಂತಾಳ ಗಂಡ ತುಸಾಂ ಉಳಿಯುವುದೂ ಅನುಮಾನವಾಗಿತ್ತು.

ಬ್ಯಾಕ್ಟೀರಿಯಾ ಕೊಲ್ಲುವ ಯಾವ ಮದ್ದಿಗೂ ರೋಗ ಬಗ್ಗಲಿಲ್ಲ. ಪ್ರಯೋಗಾಲಯದ ಬಷೀರ್ ಕಫದಲ್ಲಿ ಕಂಡದ್ದು ದೈತ್ಯ ವೈರಸ್. ಬ್ಯಾಕ್ಟೀರಿಯಾದಷ್ಟೇ ದಪ್ಪ, ಹಳೆಯ ನೀರಿನ ಅಮೀಬಾದೊಳಗೆ ಬೆಳೆಯುವಂಥದ್ದು. "ಇದೇ ಕಾರಣ ಅಂತ ಆಣೆ ಇಡಲ್ಲ. ಆದ್ರೂ ನೀರು ಹುಡುಕಿ ಡಾಕ್ಟ್ರೇ," ಎಂದಿದ್ದ. ನಲ್ಲಿ, ಏರ್ ಕಂಡೀಷನರ್, ಹೂದಾನಿ ಎಲ್ಲವನ್ನೂ ಜಾಲಾಡಿದ್ದಾಯಿತು. ಕೊನೆಗೆ ಸಿಕ್ಕಿದ್ದು ಈ ತೀರ್ಥ.

ಸೊಲಾಂಜ್ ಕೆಮ್ಮುತ್ತಾ ಮೆಟ್ಟಿಲಿಳಿದು ತೀರ್ಥದ ಸೀಸೆಯನ್ನು ಬಷೀರನ ಮೇಜಿನ ಮೇಲಿಟ್ಟಳು.

"ಹೋಲಿಸಿ ನೋಡೋಕೆ ನಿಮ್ಮ ವಾರ್ಡಿನ ಚೊಕ್ಕ ನೀರೂ ಸ್ವಲ್ಪ ಬೇಕಲ್ಲ," ಎಂದ ಬಷೀರ್.

ಮತ್ತೆ ಮೇಲೆ ಹತ್ತಲು ಕಾಲು ಒಪ್ಪಲಿಲ್ಲ. ಎರಡು ಬೇಸಿಗೆಯಿಂದ ಜೇಬು ಬಿಡದ ತುಂತುರು ಸೀಸೆಯ ಮುಚ್ಚಳ ತಿರುಗಿಸಿ ಅವನು ಚಾಚಿದ ಗಾಜಿನ ನಳಿಕೆಗೆ ಸುರಿದಳು. "ತಗೊಳ್ಳಿ. ಬರೀ ನಲ್ಲಿ ನೀರು, ನಾನೇ ತುಂಬಿಸ್ಕೊಳ್ಳೋದು."

ಫಲಿತಾಂಶ ಬರುವ ಹೊತ್ತಿಗೆ ತುಸಾಂನ ಉಸಿರು ಗೊರಗೊರ ಎನ್ನುತ್ತಿತ್ತು. ಅಸುಂತಾಳ ಜಂಬವೆಲ್ಲ ಇಳಿದಿತ್ತು.

"ತೀರ್ಥಾನಂತೂ ಕಿತ್ಕೊಂಡ್ರಿ. ನಿಮ್ಮ ತಂಪನ್ನಾದ್ರೂ ಇನ್ನೊಂದ್ಸಲ ಹೊಡೀರಿ ಡಾಕ್ಟ್ರಮ್ಮ. ಪಾಪ, ಬೆಂದು ಹೋಗಿದಾರೆ."

ಸೊಲಾಂಜ್ ಜೇಬಿನಿಂದ ತುಂತುರು ಸೀಸೆ ತೆಗೆದಳು. ಬಾಗಿ, ಅವನ ಮುಖದ ತುಂಬ ಧಾರಾಳವಾಗಿ ಸಿಂಪಡಿಸಿದಳು. ಅಷ್ಟರಲ್ಲಿ ಫೋನ್ ಬಂತು.

"ತೀರ್ಥದಲ್ಲಿ ಏನೂ ಇಲ್ಲ ಡಾಕ್ಟ್ರೇ," ಎಂದ ಬಷೀರ್. "ವೈರಸ್ ಇರೋದು ನೀವು ಹೋಲಿಕೆಗೆ ಅಂತ ಕೊಟ್ರಲ್ಲ, ಆ ನೀರಲ್ಲಿ."