ಹೊಸ ಗಾಯಕನ ಬದಿ

ಸೆಲೋಟೇಪಿನ ವಾಸನೆ ಬಂದರೆ ಈಗಲೂ ನನಗೆ ಮರಾಠಿ ಸೀಮೆಯಲ್ಲಿ ನಾವಿದ್ದ ಪ್ರತಾಪ ನಗರದ ಮನೆಯ ಆ ದಿನವೇ ನೆನಪಾಗುತ್ತದೆ.

ಅಣ್ಣನ ಗೆಳೆಯ ಸುಧೀರ ನಮ್ಮಲ್ಲಿ ಒಂದು ಕ್ಯಾಸೆಟ್ಟು ಇಟ್ಟಿದ್ದ. ಇಂಗ್ಲಿಷ್ ರಾಕ್ ಬ್ಯಾಂಡೊಂದರ ಆಯ್ದ ಹಾಡುಗಳು. ಒಂದು ಬದಿಗೆ ಬ್ಯಾಂಡು ಬಿಟ್ಟುಹೋದ ಹಳೆಯ ಗಾಯಕ, ಇನ್ನೊಂದು ಬದಿಗೆ ಅವನ ಜಾಗಕ್ಕೆ ಬಂದವನು. ಸುಧೀರನಿಗೆ ಹೊಸಬನೆಂದರೆ ಪ್ರಾಣ. "ಬಾಲಾ ತುಳಿದ ಬೆಕ್ಕಿನಂಗ ಒದರತಾನ ಅವ" ಎಂದು ಅಣ್ಣ ಹಳಬನ ಪರ ಜಗಳಾಡುತ್ತಿದ್ದ.

ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಧಾರವಾಡದ ಅಜ್ಜಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು. ಅಂದು ಖಾಲಿ ಕ್ಯಾಸೆಟ್ಟು ಇರಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳಾದರೂ ಈ ವಿದ್ಯೆ ನನಗೆ ಗೊತ್ತಿತ್ತು: ಕ್ಯಾಸೆಟ್ಟಿನ ಅಂಚಿನ ತೂತಿಗೆ ಸೆಲೋಟೇಪ್ ಅಂಟಿಸಿದರೆ ಹಾಡು ಅಳಿಸಿ ಬೇರೆ ತುಂಬಬಹುದು. ಅಣ್ಣನಿಗೆ ಬೇಡವಾದ ಬದಿ ತಾನೇ ಎಂದು ಹೊಸಬನ ಮೇಲೆಯೇ ಅವ್ವನ ದನಿ ತುಂಬಿದೆ.

ಸಂಜೆ ಸುಧೀರ ಬಂದು ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಚ್ಚಿದ.

"ಯವ್ವಾ, ಇಲ್ಲಿ ಬದನಿಕಾಯಿಗೆ ರುಚೀನ ಇಲ್ಲ ನೋಡ" ಎಂದಳು ಅವ್ವ, ಡಬ್ಬಿಯೊಳಗಿಂದ.

"ಬೇಕಂತಲೇ ಅಳಿಸಿದೆ ನೀನು!" ಎಂದು ಹಿಂದಿಯಲ್ಲಿ ಕೂಗಿ ಸುಧೀರ ಅಣ್ಣನ ಕಾಲರು ಹಿಡಿದ. ಅಣ್ಣ ನನ್ನ ಕೈಯಲ್ಲಿದ್ದ ಸೆಲೋಟೇಪ್ ನೋಡಿದ. ನಾನು ಅದನ್ನು ಬೆನ್ನ ಹಿಂದೆ ಸರಿಸಿದೆ.

"ಹಾಂ, ಮೈನೇ ಕಿಯಾ" ಎಂದು ಅಣ್ಣ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

ಅಷ್ಟರಲ್ಲಿ ಡಬ್ಬಿಯೊಳಗೆ ಅವ್ವ ಅಜ್ಜಿಗಾಗಿ ಒಂದು ಬೀಸೋ ಪದ ಎತ್ತಿಕೊಂಡಳು. ಸುಧೀರನ ಹಿಡಿತ ಸಡಿಲವಾಯಿತು. ಪದ ಮುಗಿಯುವವರೆಗೂ ನಿಂತು ಕೇಳಿದ. ಆಮೇಲೆ ಅಡುಗೆಮನೆಯತ್ತ ತಿರುಗಿ, "ಕಾಕೂ, ಆ ಇಬ್ಬರಿಗಿಂತ ನೀವೇ ಭಾರಿ ಹಾಡ್ತೀರಿ!" ಎಂದು ತನ್ನ ಮರಾಠಿಯಲ್ಲಿ ಕೂಗಿದ.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಣ್ಣನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.