ಚಾವಣಿ ಸೇತುವೆಯೊಳಗಿನ ಹಿಮ

ನಾಲ್ಕನೆಯ ಬೆಳಗ್ಗೆಯೂ ಸೇತುವೆಯೊಳಗೆ ಹಿಮ ಬಿದ್ದಿತ್ತು.

ತಲೆಯ ಮೇಲೆ ಗಟ್ಟಿ ಚಾವಣಿ, ಎರಡೂ ಪಕ್ಕ ಹಲಗೆಯ ಗೋಡೆ. ನೂರೈವತ್ತು ವರ್ಷದಿಂದ ಒಂದು ಹನಿ ಸೋರಿದ್ದಿಲ್ಲ. ಆದರೂ ಪಶ್ಚಿಮದ ಬಾಯಿಂದ ನಡುವಿನವರೆಗೆ ಹಿಮ, ಪೂರ್ವದ ಬಾಯಿಂದ ನಡುವಿನವರೆಗೆ ಹಿಮ. ಪಶ್ಚಿಮದ್ದು ಬಿಡಿ, ಅದರಲ್ಲೇನೂ ಆಶ್ಚರ್ಯವಿಲ್ಲ. ಪೂರ್ವದ್ದು ಮಾತ್ರ ರಾಯ್ಸ್‌ನ ತಲೆ ತಿನ್ನುತ್ತಿತ್ತು.

ವರ್ಮಾಂಟ್‌ನ ಆ ಪುಟ್ಟ ಊರಿನಲ್ಲಿ ರಸ್ತೆಯ ಹಿಮ ಗೋರುವ ಕೆಲಸ ಅವನದು. ವಯಸ್ಸು ಮೂವತ್ತೆಂಟು, ಮದುವೆಯಾಗಿಲ್ಲ, ಹೆಂಗಸರ ಮುಂದೆ ನಾಲಿಗೆ ಏಳುವುದಿಲ್ಲ.

"ಭೂತ ಕಣೋ," ಎಂದಳು ಹೆಸ್ಟರ್ ಅಜ್ಜಿ. ಊರಾಡಳಿತದ ಹಿರಿತಲೆ ಅವಳು. ಮನೆ ಪೂರ್ವ ದಡದಲ್ಲೇ. "ನಮ್ಮ ಮುತ್ತಜ್ಜನ ಕಾಲದಲ್ಲಿ ಕುದುರೆ ಎಳೆಯೋ ಜಾರುಬಂಡಿ ಓಡ್ಲಿ ಅಂತ ಸೇತುವೆ ಒಳಗೆ ಹಿಮ ಹಾಸೋಕೇ ಒಬ್ಬ ಆಳಿದ್ದನಂತೆ. ಸತ್ತರೂ ಚಾಕರಿ ಬಿಟ್ಟಿಲ್ಲ ನೋಡು. ನನ್ನ ಒಲೆ ಬೂದಿ ಎತ್ತೋ ಪುಟ್ಟ ಸಲಿಕೆನೂ ಅವನೇ ಹೊತ್ಕೊಂಡು ಹೋಗಿರ್ಬೇಕು, ಸೋಮವಾರದಿಂದ ಕಾಣ್ತಿಲ್ಲ."

ಪಕ್ಕದಲ್ಲಿದ್ದ ಕೊರಿನ್ ಕೆಮ್ಮಿದಳು. ಬಾಸ್ಟನ್‌ನಿಂದ ಬಂದವಳು, ಹಳೆಯ ಸೇತುವೆಗಳನ್ನು ಅಳೆದು ನಕ್ಷೆ ಬರೆಯುವುದು ಅವಳ ಕೆಲಸ. ತೊಲೆ, ಗೋಡೆ, ಚಾವಣಿ ಎಲ್ಲ ಮುಗಿದು ನೆಲವೊಂದೇ ಉಳಿದಿತ್ತು. ಅದೂ ಮುಗಿದ ದಿನ ಅಜ್ಜಿಯ ಮನೆಯ ಅಟ್ಟದ ಕೋಣೆ ಖಾಲಿ ಮಾಡಿ ಹೊರಡುವವಳು. ಆಮೇಲೆ ತನಗೆ ಬೆಳಗಾದರೂ ಯಾಕಾಗಬೇಕು ಎಂದು ರಾಯ್ಸ್‌ಗೆ ತಿಳಿಯುತ್ತಿರಲಿಲ್ಲ.

ಈ ವಾರವಂತೂ ಅವನಿಗೆ ಹಬ್ಬ. ಅವನು ಹಿಮ ಗೋರುವುದು, ಅವಳು ಕಾಫಿ ಬಗ್ಗಿಸಿ ಕೊಡುವುದು, ಅಳೆಯಬೇಕಾದ ನೆಲದ ಹಲಗೆ ಒಣಗುವಷ್ಟರಲ್ಲಿ ಕತ್ತಲಾಗುವುದು. ನಿನ್ನೆ ಅವಳು ನಕ್ಕಾಗ ಅವನು ಸಲಿಕೆಯನ್ನು ತಲೆಕೆಳಗಾಗಿ ಹಿಡಿದು ಐದು ನಿಮಿಷ ಗೋರಿದ್ದ.

"ಪಶ್ಚಿಮದ ಕಡೆಯದು ಹೇಗೆ ಬಂತು ಅಂತೀರಿ?" ಕೊರಿನ್ ರಾಯ್ಸ್‌ನನ್ನು ಕೇಳಿದಳು.

"ಗಾಳಿಗೆ ಇರ್ಬಹುದು. ಪೂರ್ವದ್ದು?"

"ಅದೂ ಗಾಳಿಗೇ ಇರ್ಬಹುದು."

"ಇಷ್ಟು ಹೊತ್ತಿಗೇ ನಿಮ್ಮ ಕೈಗವಸು ಒದ್ದೆಯಾಗಿದೆಯಲ್ರೀ."

"ನಿಮ್ಮೂರ ಚಳಿನೇ ಹಂಗಲ್ವಾ," ಎಂದು ಅವಳು ನಕ್ಷೆಯ ಉದ್ದನೆಯ ಡಬ್ಬಿಯನ್ನು ಎದೆಗವಚಿಕೊಂಡಳು. ಈ ವಾರ ಅದರ ಮುಚ್ಚಳ ತೆಗೆಯುವ ಪ್ರಸಂಗವೇ ಬಂದಿರಲಿಲ್ಲ.

"ನಾಳೆ ಕೋಳಿ ಕೂಗೋಕೆ ಮುಂಚೆ ಕುರ್ಚಿ ಹಾಕ್ಕೊಂಡು ಇಲ್ಲೇ ಕೂತ್ಕೋತೀನಿ," ಎಂದಳು ಹೆಸ್ಟರ್ ಅಜ್ಜಿ. "ಆ ಭೂತದ ಕಿವಿ ಹಿಂಡದೆ ಬಿಡಲ್ಲ." ಹಾಗೆಂದು ಕೋಲೂರಿಕೊಂಡು ಮನೆಗೆ ನಡೆದಳು.

ರಾಯ್ಸ್ ಲೆಕ್ಕ ಹಾಕಿದ. ನಾಳೆ ನೆಲ ಒಣಗಿರುತ್ತದೆ. ನಾಳಿದ್ದು ಕೊರಿನ್ ಇರುವುದಿಲ್ಲ. ಅವನು ಸಲಿಕೆಯನ್ನು ಗೋಡೆಗೊರಗಿಸಿದ.

"ನಾನೇ ಕಣ್ರೀ."

"ಏನು?"

"ಭೂತ. ದಿನಾ ನಸುಕಿನಲ್ಲಿ ಬಂದು ಹಿಮ ಸುರೀತಿದ್ದೋನು ನಾನೇ. ನೆಲ ಮುಗಿದ್ರೆ ನೀವು ಹೊರಟುಬಿಡ್ತೀರಿ. ನೀವು ಹೋಗೋದು ನನಗೆ ಬೇಡ."

ಹೇಳಿಯೇಬಿಟ್ಟಿದ್ದ. ಕಿವಿ ಕೆಂಪೇರಿತ್ತು. ಕೊರಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ಬೈಯಲಿದ್ದಾಳೋ ಅವನಿಗೆ ತೋಚಲಿಲ್ಲ.

"ಬೇಕಾದ್ರೆ ಅಜ್ಜಿ ಹತ್ರ ಹೋಗಿ ತಪ್ಪಾಯ್ತು ಅಂತೀನಿ," ಎಂದು ತಡವರಿಸಿದ. "ಆದ್ರೆ ಪಶ್ಚಿಮದ ಕಡೇದಷ್ಟೇ ನಂದು. ಪೂರ್ವದ ಕಡೆ ನಾನು ಒಂದು ಹಿಡಿನೂ ಹಾಕಿಲ್ಲ, ದೇವರಾಣೆ."

ಕೊರಿನ್ ನಕ್ಷೆಯ ಡಬ್ಬಿಯ ಮುಚ್ಚಳ ತಿರುಗಿಸಿ ಬೋರಲು ಹಿಡಿದಳು. ಹೆಸ್ಟರ್ ಅಜ್ಜಿಯ ಬೂದಿ ಸಲಿಕೆ ಠಣ್ಣೆಂದು ಹಲಗೆಯ ಮೇಲೆ ಬಿತ್ತು.