ಆ ದನಿಯವನು

ತನ್ನ ರೇಡಿಯೋ ರಿಪೇರಿ ಅಂಗಡಿಯ ಹಿಂದಿನ ಕೋಣೆಯಿಂದ ಅವನು ದಿನಾ ಮಧ್ಯಾಹ್ನ ಕದ್ದು ಬಾನುಲಿ ನಡೆಸುತ್ತಿದ್ದ. ಪರವಾನಗಿ ಇರಲಿಲ್ಲ. ಮನೆಯಲ್ಲಿ ಹೆಂಡತಿಯ ಮುಂದೆ ಹೊರಡದ ಮಾತು ಮೈಕಿನ ಮುಂದೆ ತಾನಾಗಿ ಹರಿಯುತ್ತಿತ್ತು. ಗುರುತು ಸಿಗದಂತೆ ದನಿ ದಪ್ಪ ಮಾಡಿಕೊಂಡು, ಅವಳು ಊಟದ ಡಬ್ಬಿ ತರುವ ಹೊತ್ತಿಗೆ ಮುಗಿಸಿಬಿಡುತ್ತಿದ್ದ.

ಈಗ ಅವಳು ಆ ದನಿಗೇ ಮರುಳಾಗಿದ್ದಳು. ಅವನಿಗೆ ಹೊಟ್ಟೆ ಉರಿಯತೊಡಗಿತು.

“ಅವನಲ್ಲಿ ಅಂಥದ್ದೇನಿದೆ?”

“‘ಊಟ ಆಯ್ತಾ’ ಅಂತ ಕೇಳ್ತಾನೆ ರೀ. ನೀವು ಯಾವತ್ತಾದ್ರೂ ಕೇಳಿದ್ದೀರಾ?”

“ಊರಿಗೆಲ್ಲಾ ಕೇಳ್ತಾನೆ ಕಣೇ, ನಿನಗೊಬ್ಬಳಿಗಲ್ಲ!”

“ಕೇಳ್ತಾನಲ್ಲ, ಅಷ್ಟು ಸಾಕು. ಅವನಿಗೊಂದು ಕಾಗದ ಬರೀತೀನಿ.”

ಕೇಳುಗರ ಕಾಗದಕ್ಕೆಂದು ಎದುರಿನ ಹೋಟೆಲಿನಲ್ಲಿ ಅವನೊಂದು ಡಬ್ಬ ಇಟ್ಟಿದ್ದ. ಮರುದಿನ ಅದರಲ್ಲಿ ಅವಳ ಅಕ್ಷರ ಕಂಡಾಗ ಎದೆ ಧಸಕ್ಕೆಂದಿತು. ಇವತ್ತಿಗೇ ಬಾನುಲಿ ಮುಚ್ಚಿಬಿಡಬೇಕೆಂದು ನಿರ್ಧರಿಸಿ, ಕಾಗದ ಬಿಡಿಸಿದ.

“ಮಾನ್ಯರೇ, ನಿಮ್ಮ ಕಾರ್ಯಕ್ರಮದ ಕೊನೆಯ ಹತ್ತು ನಿಮಿಷವನ್ನು ನಾನು ದಿನಾ ಕೇಳುವುದು ನಿಮ್ಮ ಅಂಗಡಿಯ ಬಾಗಿಲಲ್ಲಿ, ಊಟದ ಡಬ್ಬಿ ಹಿಡಿದು ನಿಂತು. ದಯವಿಟ್ಟು ಸ್ವಲ್ಪ ಬೇಗ ಮುಗಿಸಿ, ಸಾರು ಆರಿಹೋಗುತ್ತೆ.”